ತತ್ತಿ ಕುದಿಸಿದ ನೀರು

ವಳಕಮದಿನ್ನಿಯಲ್ಲಿ ಆದೆಮ್ಮನಿಗೆ ಇನ್ನೊಂದು ಹೆಸರಿತ್ತು: ನೀರುಗೇಡಿ. ಹೆಸರಿಟ್ಟವಳು ಅತ್ತೆ ಯಮನೂರಮ್ಮ. ಕಾರಣ, ಒಂದೇ ಒಂದು ಕೋಳಿತತ್ತಿ.

ಆಗ ಆದೆಮ್ಮ ಚೊಚ್ಚಲ ಬಸುರಿ. ಕುದಿಸಿದ ತತ್ತಿಗೆ ಉಪ್ಪು ಖಾರ ಹಚ್ಚಿಕೊಂಡು ತಿನ್ನಬೇಕೆಂಬ ಬಯಕೆ ಹುಟ್ಟಿತು. ಬಯಕೆಯೇನೋ ಸಣ್ಣದು, ಆದರೆ ಸುಡುಬೇಸಿಗೆ. ಊರಿಗೆಲ್ಲ ಒಂದೇ ಸೇದುವ ಬಾವಿ. ತಳದ ನೀರು ಮೊಗೆದು ತಂದರೆ, ಬೇಳೆ ಬಸಿದದ್ದು ಸಾರಿಗೆ, ಮುಖ ತೊಳೆದದ್ದು ಎಮ್ಮೆಗೆ. ತತ್ತಿ ಕುದಿಸಿದ ನೀರನ್ನು ಮಾತ್ರ ಎಮ್ಮೆಯೂ ಮೂಸುವುದಿಲ್ಲ. ಅದಕ್ಕೇ ಆ ಓಣಿಯವರು ತತ್ತಿಯನ್ನು ಒಡೆದು ಸಾರಿಗೆ ಬಿಡುತ್ತಿದ್ದರೇ ಹೊರತು ಕುದಿಸುತ್ತಿರಲಿಲ್ಲ.

ಅತ್ತೆ ಹೊಲಕ್ಕೆ ಹೋದದ್ದು ನೋಡಿ ಆದೆಮ್ಮ ಒಂದು ಚೆರಿಗೆ ನೀರಿನಲ್ಲಿ ತತ್ತಿ ಕುದಿಸಿದಳು. ನೀರನ್ನು ಬಾಗಿಲ ಮುಂದೆ ಚೆಲ್ಲಿದಳು. ಹುಚ್ಚು ಹುಡುಗಿ, ಹಿತ್ತಲಿಗಾದರೂ ಚೆಲ್ಲಬಾರದಿತ್ತೇ? ಬಿರುಕು ಬಿಟ್ಟ ಓಣಿಯಲ್ಲಿ ಅಷ್ಟಗಲ ಹಸಿ ನೆಲ ಕಂಡರೆ ಯಾರು ಸುಮ್ಮನಿರುತ್ತಾರೆ?

“ಯಾರ್ ಬೇ ನೀರು ಚೆಲ್ಲಿದಾಕಿ?” ಎನ್ನುತ್ತ ಬಂದ ಯಮನೂರಮ್ಮನಿಗೆ ಸೊಸೆಯ ಕೈಯಲ್ಲಿದ್ದ ತತ್ತಿ ಕಂಡಿತು. “ನೋಡ್ರೆವ್ವಾ, ನಮ್ ಮನಿಗಿ ನೀರುಗೇಡಿ ಬಂದಾಳ!” ಎಂದು ಓಣಿ ಕೂಡಿಸಿದಳು. ತತ್ತಿ ಕಸಿದು ಮಗ ಮಾನಪ್ಪನಿಗೆ ಕೊಟ್ಟಳು. ಆ ಮಹಾರಾಯ ಯಾರದು, ಯಾಕೆ ಎಂದೂ ಕೇಳದೆ ಎರಡೇ ತುತ್ತಿಗೆ ನುಂಗಿದ.

ಆಮೇಲೆ ಬಾವಿಗೆ ಹೋದರೆ ಸಾಕು, “ನೀರುಗೇಡಿ ಬಂದಾಳ, ಕೊಡ ಮುಚ್ಕೋರಿ” ಎಂದು ಹೆಂಗಸರು ನಗುತ್ತಿದ್ದರು. ಹುಟ್ಟಿದ ಮಗ ದನ ಕಾಯುವಷ್ಟು ಬೆಳೆದರೂ ಹೆಸರು ಅಳಿಯಲಿಲ್ಲ. ಈ ಹೆಸರು ಹೋಗುವ ತನಕ ಕುದಿಸಿದ ತತ್ತಿ ಮುಟ್ಟುವುದಿಲ್ಲ ಎಂದು ಆದೆಮ್ಮ ಹಟ ಹಿಡಿದಳು. ಅವಳ ಹಟ ಸಾಮಾನ್ಯದ್ದಲ್ಲ.

ಕಡೆಗೆ ಕಾಲುವೆ ಬಂತು. ತುಂಗಭದ್ರೆಯ ಕೆಂಪು ನೀರು ಊರ ಮಗ್ಗುಲಿಗೇ ಬಂದು ನಿಂತ ದಿನ ಊರೆಲ್ಲ ಅರಿಸಿನ ಕುಂಕುಮ, ತೆಂಗಿನಕಾಯಿ ಹಿಡಿದು ಓಡಿತು. ಆದೆಮ್ಮ ಕೊಡ ಹಿಡಿದು ಓಡಿದಳು. ಹೋದಳು, ಬಂದಳು, ಮನೆಯ ಗಡಿಗೆ, ಹರವಿ, ದನದ ಬಾನಿ ಎಲ್ಲ ತುಂಬಿ ತುಳುಕಿದವು. ಆಮೇಲೆ ಅಂದು ನೀರು ಚೆಲ್ಲಿ ಸಿಕ್ಕಿಬಿದ್ದ ಜಾಗದಲ್ಲೇ ಮೂರು ಕಲ್ಲು ಹೂಡಿ, ದೊಡ್ಡ ಬೋಗಾಣಿ ಇಟ್ಟು, ಮನೆಯ ತತ್ತಿಯನ್ನೆಲ್ಲ ಅದರೊಳಗೆ ಇಳಿಸಿದಳು. ಒಡೆಯದಿರಲಿ ಎಂದು ಒಂದು ಹಿಡಿ ಉಪ್ಪನ್ನೂ ಹಾಕಿದಳು.

“ಅಯ್ಯ ಆದೆಮ್ಮಾ, ನಿಮ್ಮತ್ತಿ ನೋಡಾಕತ್ತಾಳ!” ಎಂದಳು ಪಕ್ಕದ ಮನೆಯ ಶಂಶಾದ್‌ಬೀ.

“ನೋಡ್ಲಿ ಅಂತನ ಇಲ್ಲಿ ಒಲಿ ಹೂಡೀನಿ.”

ಬಾಯಿ ಜೋರಾಗಿತ್ತು, ಕಣ್ಣು ಮಾತ್ರ ಮತ್ತೆ ಮತ್ತೆ ಅತ್ತೆಯ ಕಡೆಗೇ ಹೋಗುತ್ತಿತ್ತು. ಕಾಲುವೆಯಿಂದ ಮರಳಿದ ಓಣಿಯವರೆಲ್ಲ ಸುತ್ತ ನೆರೆದಿದ್ದರು. ಇವತ್ತೂ ಮುದುಕಿ ಆ ಮಾತು ಆಡಿದರೆ ಸಾಯುವತನಕ ತಾನು ನೀರುಗೇಡಿಯೇ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ; ತನ್ನ ಕಾಲ ಬಂತೋ ಇಲ್ಲವೋ ಈಗ ತಿಳಿಯಬೇಕು.

ತತ್ತಿ ಬೆಂದವು. ಸೌಟಿನಿಂದ ತೆಗೆದು, ತಣ್ಣೀರು ತುಂಬಿದ ಇನ್ನೊಂದು ಪಾತ್ರೆಗೆ ಬಿಟ್ಟಳು. ಕುದಿಸಲು ಒಂದು ಬೋಗಾಣಿ ನೀರು, ಆರಿಸಲು ಇನ್ನೊಂದು! ನಿಜಾಮನ ಮನೆಯಲ್ಲೂ ಹೀಗೆ ನಡೆಯುತ್ತಿತ್ತೋ ಇಲ್ಲವೋ.

ಕಟ್ಟೆಯ ಮೇಲಿದ್ದ ಯಮನೂರಮ್ಮ ಕೋಲೂರಿ ಎದ್ದಳು. ಒಲೆಯ ಹತ್ತಿರ ಬಂದು ನಿಂತಳು.

“ಈ ನೀರು ಏನ್ ಮಾಡ್ತಿ?”

“ಚೆಲ್ತೀನಿ ಅತ್ತಿ,” ಎಂದಳು ಆದೆಮ್ಮ, ಕಣ್ಣು ತಗ್ಗಿಸದೆ.

ಮುದುಕಿ ಕೋಲನ್ನು ಶಂಶಾದ್‌ಬೀಯ ಕೈಗೆ ಕೊಟ್ಟಳು. “ನೀ ಆಕಡಿ ಸರಿ. ನಾ ಚೆಲ್ತೀನಿ. ಹುಟ್ಟಿದಾಗಿಂದ ಒಂದು ಚೆರಿಗಿ ನೀರು ಸುಮ್ ಸುಮ್ನ ಚೆಲ್ಲಿಲ್ಲ ನಾ.”

ಸೆರಗಿನಿಂದ ಬೋಗಾಣಿ ಹಿಡಿದು ಮೆಲ್ಲಗೆ ಬಗ್ಗಿಸಿದಳು. ಬಿಸಿನೀರು ಹಬೆಯಾಡುತ್ತ ಓಣಿಯುದ್ದ ಹರಿಯಿತು. ನೀರು ಎಲ್ಲಿಯವರೆಗೆ ಹೋಗುತ್ತದೆಂದು ಕಣ್ಣಿನಲ್ಲೇ ಹಿಂಬಾಲಿಸಿದ ಯಮನೂರಮ್ಮ ಬೊಚ್ಚುಬಾಯಿ ತೆರೆದು ನಕ್ಕಳು. “ಈಗ ನಾನೂ ನೀರುಗೇಡಿ ಆದೆ, ಯಾರಾರ ಅನ್ರಿ ನೋಡೋಣು!” ಯಾರೂ ಅನ್ನಲಿಲ್ಲ. ನಗುತ್ತ ತಂತಮ್ಮ ಮನೆಗೆ ಓಡಿದರು, ತಮ್ಮ ತಮ್ಮ ತತ್ತಿ ತರಲು.

ಸದ್ದು ಕೇಳಿ ಬಂದ ಮಾನಪ್ಪ ಎಂದಿನಂತೆ ಕೈ ಚಾಚಿದ. ತಾಯಿ ಫಟ್ಟನೆ ಆ ಕೈಗೊಂದು ಏಟು ಕೊಟ್ಟಳು. “ಆಕಿದು ನೀ ಅವತ್ತ ತಿಂದಿ. ಮದ್ಲು ಆಕಿ ತಿನ್ಲಿ.”

ತಣ್ಣೀರಿನಲ್ಲಿ ಆರಿದ ತತ್ತಿಯನ್ನು ಅವಳೇ ಸುಲಿದಳು. ಸಿಪ್ಪೆ ಇಡಿಯಾಗಿ ಬಿಟ್ಟಿತು. ಉಪ್ಪು ಖಾರ ಹಚ್ಚಿ ಸೊಸೆಯ ಕೈಗಿಟ್ಟಳು. ಆದೆಮ್ಮ ಆ ಹಸಿ ನೆಲದ ಮೇಲೆ ನಿಂತೇ, ಓಣಿಗೆಲ್ಲ ಕಾಣುವ ಹಾಗೆ, ಅವಸರ ಮಾಡದೆ ತಿಂದಳು. ತಿಂದು ಮುಗಿಸಿ, ಒಂದು ತುಂಬಿದ ಚೆರಿಗೆ ನೀರಿನಲ್ಲಿ ಕೈ ತೊಳೆದಳು.