ಕಿಟಕಿ ಪಕ್ಕದ ಮೇಜು

ವಿಶ್ವವಿದ್ಯಾಲಯದ ದೇಣಿಗೆ ವಿಭಾಗದಲ್ಲಿ ಮಾತಿಗೂ ಹಾಳೆಯಿತ್ತು, ಮೌನಕ್ಕೂ ಹಾಳೆಯಿತ್ತು. ದಾನಿಗಳಿಗೆ ಫೋನ್ ಮಾಡುವಾಗ ಯಾವ ಸಾಲಿಗೆ ನಗಬೇಕು, ಎಲ್ಲಿ ದನಿ ತಗ್ಗಿಸಬೇಕು ಎಂಬುದನ್ನೆಲ್ಲ ನಿರ್ದೇಶಕಿ ತಾನೇ ಟೈಪು ಮಾಡಿ ಹಂಚುತ್ತಿದ್ದಳು. ಬೆನ್ನ ಹಿಂದೆ ಅವಳಿಗೆ ಬೆಣ್ಣೆಬಾಯಿ ಎಂದೇ ಹೆಸರು. ಫೋನಿನಲ್ಲಿ ಬೆಣ್ಣೆಯಲ್ಲಿ ಕೂದಲು ತೆಗೆದಂಥ ಮಾತು. ಫೋನ್ ಇಟ್ಟ ಮರುಗಳಿಗೆ ಕೈಕೆಳಗಿನವರ ಮೇಲೆ ಬೆಂಕಿ. ಪ್ರತಿ ಫೋನೂ ಸ್ಪೀಕರಿನಲ್ಲೇ ಆಗಬೇಕು, ವಿಭಾಗದ ಹನ್ನೊಂದು ಜನವೂ ಕೇಳಬೇಕು, ಒಂದು ಪದ ತಪ್ಪಿದವರು ಎದ್ದು ನಿಂತು ಇಡೀ ಹಾಳೆಯನ್ನು ಗಟ್ಟಿಯಾಗಿ ಓದಬೇಕು. ಓದಿದ ಮಂದಿಯ ಜಾಗವಂತೆ ಇದು!

ಒಂಬತ್ತು ತಿಂಗಳಾದರೂ 'ಹೊಸಬಳು' ಎಂದೇ ಕರೆಸಿಕೊಳ್ಳುತ್ತಿದ್ದವಳ ಕೆಲಸ ಶುಕ್ರವಾರ ಕಾಯಂ ಆಗಬೇಕಿತ್ತು. ಕಾಯಂ ಆದರೆ ತಂಗಿ ಇಲ್ಲೇ ಶುಲ್ಕವಿಲ್ಲದೆ ಓದಬಹುದು. ಆ ಒಂದು ಆಸೆಗೆ ಅವಳು ಇಷ್ಟು ದಿನ ಹಲ್ಲು ಕಚ್ಚಿಕೊಂಡಿದ್ದಳು.

ಗುರುವಾರ ಬೆಳಿಗ್ಗೆ ಬೆಣ್ಣೆಬಾಯಿ ಹೊಸ ಹಾಳೆ ತಂದಿಟ್ಟಳು. ನಿವೃತ್ತ ನರ್ಸ್ ಒಬ್ಬರಿಗೆ ಫೋನ್ ಮಾಡಬೇಕಿತ್ತು. ಅವರ ಒಬ್ಬಳೇ ಮಗಳು ಇಲ್ಲಿ ಓದುತ್ತಿರುವಾಗಲೇ ತೀರಿಕೊಂಡಿದ್ದಳು. ವಾಚನಾಲಯದ ಕಿಟಕಿ ಪಕ್ಕದ ಮೇಜಿನ ಮೇಲೆ ಅವಳ ಹೆಸರಿನ ಹಿತ್ತಾಳೆ ಫಲಕ ಸದಾ ಇರುತ್ತದೆಂದು ವಿಭಾಗ ಬರೆದುಕೊಟ್ಟಿತ್ತು. ತಾಯಿ ಹದಿನಾಲ್ಕು ವರ್ಷ ತಪ್ಪದೆ ದೇಣಿಗೆ ಕಳಿಸಿದ್ದರು. ಹೋದ ತಿಂಗಳು ಅದೇ ಮೇಜನ್ನು ಸಿಮೆಂಟ್ ವ್ಯಾಪಾರಿಯೊಬ್ಬನಿಗೂ ಕೊಡುವುದಾಗಿ ಮಾತು ಕೊಟ್ಟು, ಹುಡುಗಿಯ ಹೆಸರು ಕಿತ್ತು, ಅವನ ಅಪ್ಪನ ಹೆಸರು ಜಡಿದಿದ್ದರು.

"ಮೇಜು ರಿಪೇರಿಗೆ ಹೋಗಿದೆ ಅನ್ನು. ಹಾಗೇ ಈ ವರ್ಷದ ದೇಣಿಗೆನೂ ಕೇಳು," ಎಂದಳು ಬೆಣ್ಣೆಬಾಯಿ. "ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನಾಳೆ ಯಾವ ದಿನ ಅಂತ ನೆನಪಿದೆ ತಾನೇ?"

ಹಾಳೆಯಲ್ಲಿ ಸತ್ತ ಹುಡುಗಿಯ ಹೆಸರಿನ ಪಕ್ಕ 'ಇಲ್ಲಿ ನಿಟ್ಟುಸಿರು' ಎಂದು ಬರೆದಿತ್ತು. ಅದನ್ನು ಓದಿ ಹೊಸಬಳ ಮೈಯೆಲ್ಲ ಉರಿದುಹೋಯಿತು.

ಅವಳು ಫೋನ್ ಮಾಡಿದಳು. ಆ ಕಡೆಯಿಂದ ವಯಸ್ಸಾದ ದನಿ ಬಂತು. "ಯೂನಿವರ್ಸಿಟಿಯಿಂದಾ? ಮಂಡಿನೋವು ಕಣಮ್ಮ, ಈ ಸಲ ನೋಡೋಕೆ ಬರ್ಲಿಲ್ಲ. ಮೇಜಿನ ಮೇಲೆ ಬಿಸಿಲು ಬೀಳುತ್ತಾ ಇನ್ನೂ?"

ಹೊಸಬಳು ಹಾಳೆಯನ್ನು ಮಗುಚಿಟ್ಟಳು.

"ಅಮ್ಮಾ, ನಿಮ್ಮ ಮಗಳ ಹೆಸರನ್ನ ಕಿತ್ತುಹಾಕಿದಾರೆ. ಆ ಮೇಜನ್ನ ಬೇರೆಯವರಿಗೆ ಕೊಟ್ಟಿದಾರೆ. ರಿಪೇರಿ ಅಂತ ನಿಮಗೆ ಸುಳ್ಳು ಹೇಳೋಕೆ ನನ್ನನ್ನ ಕೂರಿಸಿದಾರೆ."

ಉಳಿದ ಹತ್ತು ಮಂದಿಯ ತಲೆಗಳು ಕಂಪ್ಯೂಟರಿನ ಹಿಂದೆ ಅಡಗಿದವು. ಬೆಣ್ಣೆಬಾಯಿ ಓಡಿಬಂದು ಫೋನಿನ ಮೇಲೆ ಬಗ್ಗಿದಳು. "ಅಮ್ಮಾ, ನಾನು ನಿರ್ದೇಶಕಿ. ಹುಡುಗಿ ಹೊಸಬಳು, ಏನೋ ತಪ್ಪು ತಿಳ್ಕೊಂಡು..."

"ನೀವು ಸ್ವಲ್ಪ ಸುಮ್ನಿರಿ. ನಾನು ಆ ಹುಡುಗಿ ಹತ್ರ ಮಾತಾಡ್ಬೇಕು." ಆಮೇಲೆ ಆ ತಾಯಿ ಕೇಳಿದರು. "ಇದನ್ನ ಹೇಳಿದ್ದಕ್ಕೆ ನಿನ್ನ ಕೆಲ್ಸ ಹೋಗುತ್ತೇನಮ್ಮ?"

ಆ ಕೋಣೆಯಲ್ಲಿ ಒಂಬತ್ತು ತಿಂಗಳಲ್ಲಿ ಅವಳ ಬಗ್ಗೆ ಒಬ್ಬರೂ ಏನನ್ನೂ ಕೇಳಿರಲಿಲ್ಲ.

"ಹೋಗುತ್ತೆ ಅಮ್ಮ. ತಂಗಿ ಓದೂ ಹೋಗುತ್ತೆ."

"ಹಾಗಾದ್ರೆ ನಾನು ಬರೋ ತನಕ ಎದ್ದು ಹೋಗ್ಬೇಡ. ಮೆಟ್ಟಿಲು ಹತ್ತೋಕೆ ನಂಗೆ ಹೊತ್ತಾಗುತ್ತೆ."

ಫೋನ್ ಕಟ್ಟಾಯಿತು. "ಏಳು! ಬ್ಯಾಗ್ ತಗೊಂಡು ಈಗಲೇ ಹೊರಡು," ಎಂದು ಬೆಣ್ಣೆಬಾಯಿ ಕಿರುಚಿದಳು.

ಹೊಸಬಳು ಎದ್ದಳು. ಗೋಡೆ ಬದಿಯಲ್ಲಿ ಖಾಲಿಯಿದ್ದ ಕುರ್ಚಿಯೊಂದನ್ನು ಎಳೆದು ತಂದು ತನ್ನ ಪಕ್ಕಕ್ಕೆ ಹಾಕಿದಳು. ಮತ್ತೆ ಕೂತಳು.