ಶಂಕ್ರವ್ವನ ಎಣ್ಣೆ, ಶ್ವೇತಾಳ ಮಾಸ್ಕು

ಮುಖದ ಮೇಲೆ ಒಂದು ಮೊಡವೆ ಎದ್ದರೆ ಸಾಕು, ಬೀದಿಯ ತುಂಬ ವೈದ್ಯರು ಹುಟ್ಟಿಕೊಳ್ಳುತ್ತಾರೆ. ಎದುರುಮನೆಯವರು ಬೇವು ಅರೆದು ಹಚ್ಚು ಅನ್ನುತ್ತಾರೆ, ಪಕ್ಕದವರು ಟೂತ್‌ಪೇಸ್ಟ್ ಅನ್ನುತ್ತಾರೆ, ಮೊಬೈಲಿನಲ್ಲಿ ಯಾರೋ ನಿಂಬೆಹಣ್ಣು ಉಜ್ಜಿ ತೋರಿಸುತ್ತಾರೆ. ಬಿಟಿಎಂ ಬಡಾವಣೆಯ ಶ್ವೇತಾ ಇವರ್ಯಾರ ಮಾತನ್ನೂ ಕೇಳಲಿಲ್ಲ. ಅವಳ ಬಳಿ ಅಜ್ಜಿಯ ಎಣ್ಣೆ ಇತ್ತು.

ಅಜ್ಜಿ ಶಂಕ್ರವ್ವ ಗದಗದ ಕಡೆಯವರು. ಈಗ ಗಿರಿನಗರದಲ್ಲಿ ದೊಡ್ಡ ಮಗನ ಮನೆಯಲ್ಲಿದ್ದಾರೆ. ಭಾನುವಾರ ಬಂತೆಂದರೆ ಬಸ್ಸು ಹತ್ತಿ ಬಿಟಿಎಂನ ಚಿಕ್ಕ ಮಗನ ಮನೆಗೆ ಬರುತ್ತಾರೆ. ಬೇವಿನೆಲೆ, ತುಳಸಿ, ಅರಿಶಿನದ ಕೊಂಬು ಜಜ್ಜಿ ಎಳ್ಳೆಣ್ಣೆಗೆ ಹಾಕಿ, ಸಣ್ಣ ಉರಿಯಲ್ಲಿ ಕಾಯಿಸುತ್ತಾರೆ. ಎಣ್ಣೆ ಕಾಯುವಷ್ಟು ಹೊತ್ತು ಕಥೆ ಹೇಳುತ್ತಾರೆ. ಆಗ ಆ ಪುಟ್ಟ ಅಡುಗೆಮನೆಯ ಗೋಡೆಗಳು ದೂರ ಸರಿದು ಅಲ್ಲೊಂದು ಕಾಡು ಹುಟ್ಟುತ್ತದೆ. ಅಜ್ಜಿಯದು ಒಂದೇ ಷರತ್ತು: ಕೇಳುವವರು ಎದುರಿಗೆ ಕೂತು "ಹೂಂ" ಅನ್ನಬೇಕು.

"ಮಾರಿ ಕಾಣದವ್ರಿಗೆ ನಾ ಕತಿ ಹೇಳಂಗಿಲ್ಲ" ಅನ್ನುತ್ತಾರೆ.

ಶ್ವೇತಾ ಜಯನಗರದ ಸೀರೆ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ ಮೇಲೆ ಅವಳ ಕೆನ್ನೆಯಲ್ಲಿ ಮೊಡವೆ ಎದ್ದವು. ಅಜ್ಜಿಯ ಎಣ್ಣೆಯಿಂದ ಚಿಕ್ಕಂದಿನಲ್ಲಿ ತನ್ನ ಕೈಕಾಲಿನ ಒಡಕು ಮಾಯವಾಗಿದ್ದು ಅವಳಿಗೆ ನೆನಪಿತ್ತು. ಸರಿ, ಮಲಗುವ ಮುಂಚೆ ಮುಖಕ್ಕೆ ದಪ್ಪಗೆ ಮೆತ್ತಿಕೊಂಡಳು. ಬೆಳಿಗ್ಗೆ ನಲ್ಲಿಯಲ್ಲಿ ನೀರು ಬರುವ ಮೊದಲೇ ಹೊರಡಬೇಕು. ಒದ್ದೆ ಬಟ್ಟೆಯಲ್ಲಿ ಒರೆಸಿಕೊಂಡು, ಮಡಿವಾಳದ ಧೂಳಿನಲ್ಲಿ ಬಸ್ಸಿಗೆ ಕಾಯುತ್ತಿದ್ದಳು. ಮೊಡವೆ ಹೆಚ್ಚಿದವು. ಅವಳು ಎಣ್ಣೆಯನ್ನೂ ಹೆಚ್ಚಿಸಿದಳು. ಕೊನೆಗೆ ಹಣೆ, ಕೆನ್ನೆ, ಗಲ್ಲವೆಲ್ಲ ಕೆಂಪಾಗಿ ಕೀವು ಕಟ್ಟಿತು.

ಶ್ವೇತಾ ಮಾಸ್ಕ್ ಹಾಕಿಕೊಂಡಳು. ಭಾನುವಾರ ಅಂಗಡಿಯಲ್ಲಿ ಹೆಚ್ಚು ಕೆಲಸ ಎಂದು ಸುಳ್ಳು ಹೇಳಿ, ಅಜ್ಜಿ ಬರುವ ಹೊತ್ತಿಗೆ ಮನೆಯಿಂದ ತಪ್ಪಿಸಿಕೊಳ್ಳತೊಡಗಿದಳು. ನೋವು ತಡೆಯಬಹುದಿತ್ತು. ಆದರೆ ನಿನ್ನ ಎಣ್ಣೆಯಿಂದಲೇ ಹೀಗಾಯಿತು ಎಂದು ಅಜ್ಜಿಗೆ ಹೇಗೆ ಹೇಳುವುದು?

ವಾರದ ನಡುವೆ ಒಂದು ದಿನ ಅಜ್ಜಿ ಹೇಳದೆ ಕೇಳದೆ ಬಂದುಬಿಟ್ಟರು, ಅದೂ ಶ್ವೇತಾ ರಜೆ ಹಾಕಿ ಮನೆಯಲ್ಲಿದ್ದ ದಿನವೇ. ಮನೆಯೊಳಗೂ ಮಾಸ್ಕ್ ಹಾಕಿ ಕೂತ ಮೊಮ್ಮಗಳನ್ನು ನೋಡಿ ಬಾಗಿಲಲ್ಲೇ ನಿಂತರು.

"ಯಾಕವಾ, ನೆಗಡಿ ಆಗೇತೇನು?"

"ಹೂಂ ಆಯಿ."

"ನೆಗಡಿಯಾದವ್ರು ಒಂದು ಸೀನರ ಸೀನ್ತಾರ. ತಗಿ ಅದನ್ನ."

ಮಾಸ್ಕ್ ಕೆಳಗಿಳಿಯಿತು. ಕೀವು ಕಟ್ಟಿದ ಆ ಮುಖದಿಂದ ತಮ್ಮದೇ ಎಣ್ಣೆಯ ವಾಸನೆ ಬಂದಿದ್ದೇ ತಡ, ಶಂಕ್ರವ್ವ ಸೀದಾ ಅಡುಗೆಮನೆಗೆ ಹೋದರು, ಎಣ್ಣೆಯ ಬಾಟಲಿ ತೆಗೆದುಕೊಂಡರು, ಮೋರಿಗೆ ಸುರಿಯಲು ಮುಚ್ಚಳ ತಿರುವಿದರು.

"ನನ್ನ ಕೈಯಾರೆ ಕೂಸಿನ ಮಾರಿ ಕೆಡಿಸಿದ್ನಲ್ಲೋ ಶಿವನ!"

ಆ ದನಿಗೆ ಪಕ್ಕದ ಮನೆಯ ಅಲಮೇಲು ಆಂಟಿ ಓಡಿಬಂದರು. ಶ್ವೇತಾಳ ಅಮ್ಮ ಅಷ್ಟರಲ್ಲಿ ಬೀರುವಿನಿಂದ ಒಂದು ಟ್ಯೂಬ್ ತಂದಿದ್ದರು.

"ಎಣ್ಣಿ ಸಾಕ್ರಿ ಅತ್ತಿ. ಮೆಡಿಕಲ್‌ನಾಗ ಈ ಕ್ರೀಮ್ ಕೊಟ್ಟಾರ. ಹಚ್ಚಿದ್ರ ಮಾರಿ ಬೆಳ್ಳಗ ಆಗ್ತೈತಂತ."

"ಚೀಟಿ ಯಾರು ಬರ್ಕೊಟ್ರು?" ಎಂದರು ಆಂಟಿ.

"ಯಾರೂ ಇಲ್ರಿ. ಕೇಳಿದ್ವಿ, ಕೊಟ್ರು."

"ಅಯ್ಯೋ, ಇಡಮ್ಮ ಅದನ್ನ ಕೆಳಗೆ! ನಮ್ಮ ಸೊಸೆ ಹಿಂಗೇ ತಂದು ಹಚ್ಕೊಂಡ್ಳು. ವಾರ ಮಿರಮಿರ ಮಿಂಚಿದ್ಳು, ಆಮೇಲೆ ಬಿಸ್ಲಿಗೆ ಹೋದ್ರೆ ಮುಖ ಉರಿಯೋದು. ಅದ್ರಲ್ಲಿ ಸ್ಟೀರಾಯ್ಡ್ ಇತ್ತು ಅಂತ ಡಾಕ್ಟ್ರು ಬೈದ್ರು. ಅಜ್ಜಿ, ನೀವೂ ಬಾಟ್ಲಿ ಚೆಲ್ಬೇಡಿ. ಜಯನಗರದಲ್ಲಿ ಇಂದ್ರಾಣಿ ಅಂತ ಆಯುರ್ವೇದ ಡಾಕ್ಟ್ರು ಇದ್ದಾರೆ. ಅವ್ರಿಗೇ ತೋರ್ಸೋಣ."

"ಎಣ್ಣಿ ಕಾಸೂದು ನನಗ ಡಾಕ್ಟ್ರು ಕಲಸ್ಬೇಕೇನು?" ಎಂದು ಗೊಣಗುತ್ತಲೇ ಶಂಕ್ರವ್ವ ಬಾಟಲಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಆಟೋ ಹತ್ತಿದರು.

ಡಾಕ್ಟರ್ ಇಂದ್ರಾಣಿ ಮೊದಲು ಶ್ವೇತಾಳ ಮುಖ ನೋಡಿದರು. ಆಮೇಲೆ ಎಣ್ಣೆಯ ವಾಸನೆ ನೋಡಿದರು.

"ಚೆನ್ನಾಗಿ ಕಾಯಿಸಿದ್ದೀರ ಅಜ್ಜಿ. ಊರಲ್ಲಿ ಇದನ್ನ ಯಾವಾಗ ಹಚ್ತಿದ್ರಿ?"

"ಚಳಿಗಾಲದಾಗ್ರಿ. ಒಣ ಗಾಳಿಗೆ ಕೈಕಾಲು ಒಡೀತಿದ್ವು. ಹಚ್ಚಿ ತುಸು ಹೊತ್ತು ಬಿಟ್ಟು, ಬಿಸಿನೀರು, ಹೆಸರುಹಿಟ್ಟು ಹಾಕಿ ತಿಕ್ಕಿ ತೊಳೀತಿದ್ವಿ."

ಡಾಕ್ಟರು ಶ್ವೇತಾಳ ಕಡೆ ತಿರುಗಿದರು. "ನೀನು?"

"ತೊಳೀತಿರ್ಲಿಲ್ಲ ಮೇಡಂ. ಬೆಳಿಗ್ಗೆ ನೀರಿರಲ್ಲ. ಬರೀ ಒರೆಸ್ಕೊಂಡು ಹೋಗ್ತಿದ್ದೆ."

ಶಂಕ್ರವ್ವ ಹಣೆ ಬಡಿದುಕೊಂಡರು. "ಏ ಹುಡುಗಿ! ಎಣ್ಣಿ ಅಷ್ಟ ನೆನಪಿಟ್ಟಿ, ತೊಳಿಯೂದು ಮರತಿ?"

ಡಾಕ್ಟರ್ ನಕ್ಕರು. "ತೊಳೆದಿದ್ರೂ ಇದು ಇವಳ ಮುಖಕ್ಕೆ ಆಗ್ತಿರ್ಲಿಲ್ಲ ಅಜ್ಜಿ. ಒಣ ಚರ್ಮಕ್ಕೆ ಎಣ್ಣೆ ಬೇಕು. ಇವಳ ಚರ್ಮದಲ್ಲಿ ಜಿಡ್ಡು ಮೊದಲೇ ಜಾಸ್ತಿ. ಅದರ ಮೇಲೆ ಇನ್ನೂ ಎಣ್ಣೆ ಮೆತ್ತಿದ್ರೆ ರಂಧ್ರ ಕಟ್ಕೊಂಡು ಮೊಡವೆ ಹೆಚ್ಚುತ್ತೆ. ನಿಮ್ಮ ಎಣ್ಣೆ ಕೆಟ್ಟದ್ದಲ್ಲ. ಅದಕ್ಕೆ ಅದರದ್ದಲ್ಲದ ಕೆಲಸ ಕೊಟ್ರಿ, ಅಷ್ಟೆ."

ಶಂಕ್ರವ್ವ ಉಸಿರು ಬಿಟ್ಟರು. ಮನೆಯಿಂದ ಅಲ್ಲಿವರೆಗೂ ಬಿಗಿಹಿಡಿದಿದ್ದ ಉಸಿರು ಅದು.

"ಮತ್ತ ಆಯುರ್ವೇದ ಅಂದ್ರ ಎಲ್ಲಾರಿಗೂ ಆಗ್ತೈತಿ ಅಂತಾರಲ್ರಿ?"

"ಯಾರು ಹೇಳಿದ್ದು? ಆಯುರ್ವೇದದಲ್ಲೂ ಮೊದಲು ಮೈ ನೋಡಿ, ಆಮೇಲೆ ಮದ್ದು. ಗಿಡಮೂಲಿಕೆಯೂ ಕೆಲವರಿಗೆ ಉರಿ, ತುರಿಕೆ ತರುತ್ತೆ. ಹೊಸ ಎಣ್ಣೆ ಯಾವುದೇ ಇರ್ಲಿ, ಮೊದಲು ಮೊಣಕೈ ಒಳಬದಿಗೆ ಸ್ವಲ್ಪ ಹಚ್ಚಿ ಒಂದೆರಡು ದಿನ ನೋಡ್ಬೇಕು."

ಮುಖಕ್ಕೆ ಎಣ್ಣೆ ನಿಲ್ಲಿಸಬೇಕು, ಮೃದುವಾದ ಸೋಪಿನಿಂದ ಬೆಳಿಗ್ಗೆ ಸಂಜೆ ತೊಳೆಯಬೇಕು, ಮೊಡವೆ ಚಿವುಟಬಾರದು ಎಂದರು. ಕೀವು ಇದ್ದುದರಿಂದ ಚರ್ಮದ ಡಾಕ್ಟರಿಗೂ ತೋರಿಸಲು ಚೀಟಿ ಬರೆದರು. "ಆಯುರ್ವೇದ, ಇಂಗ್ಲಿಷ್ ಮದ್ದು ಅಂತ ಇದ್ರಲ್ಲಿ ಸೋಲು ಗೆಲುವು ಏನಿಲ್ಲ. ಬೇಗ ತೋರಿಸಿದ್ರೆ ಕಲೆ ಕಮ್ಮಿ ಉಳಿಯುತ್ತೆ. ವಾಸಿಯಾಗೋಕೆ ಕೆಲವು ವಾರ ಹಿಡಿಯುತ್ತೆ, ಅವಸರ ಮಾಡಬೇಡಿ."

ಶ್ವೇತಾಳ ಅಮ್ಮ ಈಗ ಹಿಂದಿನ ದಿನವೇ ಒಂದು ಬಿಂದಿಗೆ ನೀರು ಎತ್ತಿಡುತ್ತಾರೆ. ಟ್ಯೂಬ್ ಕಸಕ್ಕೆ ಹೋಯಿತು. ಚರ್ಮದ ಡಾಕ್ಟರು ಕೊಟ್ಟ ಮುಲಾಮು ಹಚ್ಚುತ್ತ ಹಚ್ಚುತ್ತ ಕೆಂಪು ಇಳಿಯಿತು, ಕೀವು ಒಣಗಿತು. ಕೆನ್ನೆಯಲ್ಲಿ ಒಂದೆರಡು ಕಲೆ ಇನ್ನೂ ಇವೆ. ಇರಲಿ.

ಮೊನ್ನೆ ಭಾನುವಾರ ಅಡುಗೆಮನೆಯಲ್ಲಿ ಮತ್ತೆ ಎಣ್ಣೆಯ ಘಮ. ಶ್ವೇತಾ ಅಜ್ಜಿಯ ಎದುರು ಕೂತು, ಅವರ ಒಡೆದ ಹಿಮ್ಮಡಿಗೆ ಅದೇ ಎಣ್ಣೆ ತಿಕ್ಕುತ್ತಿದ್ದಳು. ಪಕ್ಕದಲ್ಲಿ ಬಿಸಿನೀರು, ಹೆಸರುಹಿಟ್ಟು.

"ಒಂದಾನೊಂದು ಊರಾಗ..." ಎಂದು ಅಜ್ಜಿ ಶುರು ಮಾಡಿ, ನಿಲ್ಲಿಸಿ, ಮೊಮ್ಮಗಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದರು. ಕಣ್ತುಂಬ ನೋಡಿದರು.

"ಹೂಂ" ಎಂದಳು ಶ್ವೇತಾ.

ಅಕ್ಕಂದಿರೇ, ತಾಯಂದಿರೇ, ನಿಮ್ಮ ಮನೆಯಲ್ಲೂ ಅಂಥದೊಂದು ಎಣ್ಣೆಯ ಬಾಟಲಿ ಇರಬಹುದು. ಅದನ್ನು ಚೆಲ್ಲಬೇಡಿ, ಕಣ್ಣುಮುಚ್ಚಿ ಮುಖಕ್ಕೆ ಹಚ್ಚಲೂ ಬೇಡಿ. ನಿಮ್ಮ ಚರ್ಮ ಎಂಥದ್ದು, ಎಣ್ಣೆ ಯಾವುದಕ್ಕೆ ಎಂದು ಓದಿದ ವೈದ್ಯರನ್ನು ಕೇಳಿ. ಅಂಗಡಿಯಿಂದ ತರುವುದಾದರೆ ತಯಾರಕರ ಹೆಸರು, ಲೈಸೆನ್ಸ್ ನಂಬರು, ತಾರೀಖು ಇರುವ ಸೀಲ್ ಮಾಡಿದ ಬಾಟಲಿಯನ್ನೇ ಕೇಳಿ ಪಡೆಯಿರಿ. ಚೀಟಿ ಇಲ್ಲದೆ ಕ್ರೀಮ್ ಕೊಳ್ಳಬೇಡಿ. ಕೀವು, ನೋವು, ಉರಿ ಇದ್ದರೆ ಅಂದೇ ಡಾಕ್ಟರ ಬಳಿ ಹೋಗಿ. ನಿಮ್ಮ ಮನೆಯ ಹುಡುಗಿ ಮುಖ ಮುಚ್ಚಿಕೊಂಡು ಓಡಾಡುತ್ತಿದ್ದರೆ ಬೈಯಬೇಡಿ. ಎದುರಿಗೆ ಕೂರಿಸಿಕೊಂಡು, ಏನಾಯಿತಮ್ಮ ಎಂದು ಕೇಳಿ.