ಬಾಗಿದ ಪೈಪಿನ ಮೇಲಿನ ಜಾಳಿ

ಮಹಾಪೆಯ ಕೇಬಲ್ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ತಂತಿಯ ಜಾಳಿ ಹೆಣೆದ ಜ್ಯೋತಿಗೆ ಜಾಳಿಯ ಬಗ್ಗೆ ಯಾರೂ ಪಾಠ ಹೇಳಬೇಕಿರಲಿಲ್ಲ. ಕೇಬಲ್ಲಿಗೆ ತೊಡಿಸುವ ಆ ತಂತಿಯ ತೋಳು ಬಲು ಚಂಚಲ. ಎಳೆದರೆ ಉದ್ದವಾಗಿ ಸಣಕಲಾಗುತ್ತದೆ, ಒತ್ತಿದರೆ ಗಿಡ್ಡವಾಗಿ ಉಬ್ಬುತ್ತದೆ. ಅದರ ಒಂದೊಂದು ಗುಣವೂ ಅವಳ ಬೆರಳಿಗೆ ಗೊತ್ತು. ಹಾಗೆ ಗೊತ್ತಿದ್ದದ್ದೇ ಅವಳ ಮನೆ ಮುರಿಯಿತು ಎಂದರೆ ನೀವು ನಂಬಲಿಕ್ಕಿಲ್ಲ.

ಗಂಡ ವಿಠಲ ಕಲಬುರಗಿ ಕಡೆಯವನು, ದುಡಿಯಲು ಈ ಹೊರರಾಜ್ಯಕ್ಕೆ ಬಂದು ತುರ್ಭೆ ಮಾರ್ಕೆಟ್ಟಿನಲ್ಲಿ ಈರುಳ್ಳಿ ಮೂಟೆ ಹೊರುವ ಹಮಾಲ. ಹೋದ ವರ್ಷ ಅವನಿಗೆ ಒಂದು ಮೂಟೆ ಎರಡಾಗಿ ಕಾಣತೊಡಗಿತು. ತಲೆ ಸಿಡಿಯುವ ನೋವು ಬೇರೆ. ದೊಡ್ಡಾಸ್ಪತ್ರೆಯಲ್ಲಿ ಫಿಲ್ಮು ತೆಗೆದು ನೋಡಿದರೆ, ಕಣ್ಣಿನ ಹಿಂದೆ ರಕ್ತನಾಳ ತಿರುಗುವ ಜಾಗದಲ್ಲಿ ದ್ರಾಕ್ಷಿಯಷ್ಟು ದೊಡ್ಡ ಗುಳ್ಳೆ. ಒಡೆದರೆ ಜೀವಕ್ಕೇ ಸಂಚಕಾರ. ತೊಡೆಯ ಸಂದಿಯಿಂದ ಸ್ಟೆಂಟ್ ತೂರಿಸಿ ಗುಳ್ಳೆಯ ಬಾಯಿಗೆ ಅಡ್ಡ ಕೂಡಿಸುತ್ತೇವೆ, ರಕ್ತ ನುಗ್ಗುವುದು ನಿಂತರೆ ಗುಳ್ಳೆ ತಾನೇ ಬತ್ತುತ್ತದೆ ಎಂದ ಡಾಕ್ಟರು ಒಂದು ಮಾದರಿ ಕೈಗಿತ್ತರು. ಕೂದಲಿಗಿಂತ ಸಣ್ಣ ತಂತಿಯಲ್ಲಿ ಹೆಣೆದ ಕೊಳವೆ.

"ಅಯ್ಯ, ಇದು ನಮ್ಮ ಜಾಳೀನೇ ಅದಲ್ರೀ!" ಎಂದು ಗಂಡನ ಕಡೆ ತಿರುಗಿದ ಜ್ಯೋತಿಗೆ ಆ ಕ್ಷಣವೇ ಅರ್ಧ ಹೆದರಿಕೆ ಇಳಿಯಿತು.

ಡಾಕ್ಟರು ಮುಂದಿನದನ್ನೂ ಹೇಳಿದರು. ತಿರುವಿನಲ್ಲಿ ಕೂತ ಸ್ಟೆಂಟ್ ಕೆಲವೊಮ್ಮೆ ಆಕಾರ ಬದಲಿಸುತ್ತದೆ, ತುದಿ ಸರಿದು ಗಿಡ್ಡವಾಗಬಹುದು, ಬಾಗಿನ ಹೊರಮಗ್ಗುಲಲ್ಲಿ ಹೆಣಿಗೆಯ ಕಣ್ಣು ಅಗಲವಾಗಬಹುದು, ಆಗ ರಕ್ತ ಮತ್ತೆ ಗುಳ್ಳೆಗೆ ನುಗ್ಗುತ್ತದೆ. ಆರು ತಿಂಗಳಿಗೆ ತಪ್ಪದೆ ಬನ್ನಿ, ಮತ್ತೆ ಫಿಲ್ಮು ತೆಗೆದು ನೋಡಿ, ಬೇಕಾದರೆ ಒಳಗೆ ಇನ್ನೊಂದು ಕೂಡಿಸೋಣ ಎಂದರು.

ಜ್ಯೋತಿ ತಲೆಯಾಡಿಸಿದಳು. ಆದರೆ ಆಪರೇಶನ್ ಆದ ವಾರವೇ ಕಾರ್ಖಾನೆಯಲ್ಲಿ ಒಂದು ಕೆಲಸ ಮಾಡಿದಳು. ತಾಮ್ರದ ಪೈಪಿನ ತುಂಡನ್ನು ಡಾಕ್ಟರು ತೋರಿಸಿದ ತಿರುವಿನಂತೆಯೇ ಬಗ್ಗಿಸಿ, ಅದರ ಮೇಲೆ ಜಾಳಿ ತೊಡಿಸಿ, ಜಾಳಿಯ ಎರಡೂ ತುದಿಗೆ ಪೈಪಿನ ಮೇಲೆ ಮಾರ್ಕರಿನಲ್ಲಿ ನೀಲಿ ಗೆರೆ ಎಳೆದು ಕಿಟಕಿಯಲ್ಲಿಟ್ಟಳು. ಜಾಳಿ ಜಾರಿದರೆ ಗೆರೆ ಹೇಳುತ್ತದೆ, ಅದು ಅಲ್ಲಿನ ಪದ್ಧತಿ. ಇದು ಜಾರದಿದ್ದರೆ ಗಂಡನ ತಲೆಯೊಳಗಿನದೂ ಜಾರಿಲ್ಲ ಎಂಬುದು ಅವಳ ಲೆಕ್ಕ. ದಿನವೂ ಊಟದ ಹೊತ್ತಿಗೆ ಹೋಗಿ ನೋಡುತ್ತಿದ್ದಳು, ದೇವರಿಗೆ ಕೈ ಮುಗಿಯುವವರ ಹಾಗೆ.

ವಿಠಲನ ಕಣ್ಣು ಸರಿಹೋಯಿತು, ತಲೆನೋವು ನಿಂತಿತು. ಆರು ತಿಂಗಳಾದಾಗ ಅವನೇ ನೆನಪಿಸಿದ.

"ಆಸ್ಪತ್ರಿ ತಾರೀಕು ಬಂತ್ ನೋಡು. ಒಮ್ಮಿ ಹೋಗಿ ಬರೂಣು."

"ಮತ್ತ ತೊಡಿಗೆ ಚುಚ್ಚತಾರ್ರೀ. ಹಿಂದಕ ಎರಡ್ ದಿನ ನಿಮಗ ಎಚ್ಚರಿದ್ದಿಲ್ಲ, ನಾ ಹೊರಗ ಕುಂತು ಸತ್ತು ಹುಟ್ಟೀನಿ. ಆ ಜಾಳಿ ಸರದಿಲ್ಲ. ನಾ ದಿನಾ ನೋಡ್ಲಾಕತ್ತೀನಿ. ಅಂಗೈ ಹುಣ್ಣಿಗಿ ಕನ್ನಡಿ ಯಾಕ ಬೇಕು?"

"ನನಗ್ಯಾಕೋ ಅಂಜಿಕಿ ಬರ್ತದ, ಜ್ಯೋತಿ."

"ನನ್ ಮ್ಯಾಲ ನಂಬಿಕಿಲ್ಲೇನ್ರೀ?"

ಹೆಂಡತಿ ಹೀಗೆ ಕೇಳಿದ ಮೇಲೆ ಯಾವ ಗಂಡ ಹಟ ಹಿಡಿದಾನು? ವಿಠಲ ಆಸ್ಪತ್ರೆಯ ಚೀಟಿ ಮಡಿಸಿ ಒಳಗಿಟ್ಟ. ಡಾಕ್ಟರು ಬರೆದುಕೊಟ್ಟ ಗುಳಿಗೆ ಮಾತ್ರ ಅವಳು ಒಂದು ದಿನವೂ ತಪ್ಪಿಸಲಿಲ್ಲ.

ಒಂಬತ್ತನೇ ತಿಂಗಳಲ್ಲಿ, ಒಂದು ಬೆಳಿಗ್ಗೆ, ರೊಟ್ಟಿ ಮುರಿಯುತ್ತಿದ್ದವನು ತಲೆ ಹಿಡಿದುಕೊಂಡು ತಾಟಿನ ಮೇಲೆಯೇ ಬಿದ್ದ. ಗುಳ್ಳೆ ಒಡೆದಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಬೆರಳಿಡುವ ಮೊದಲೇ ಜ್ಯೋತಿಗೆ ಫಿಲ್ಮಿನಲ್ಲಿ ಎಲ್ಲ ಕಂಡಿತು. ಒಂದು ತುದಿ ಸರಿದು ಬಂದಿತ್ತು. ಬಾಗಿನ ಹೊರಮಗ್ಗುಲಲ್ಲಿ, ಸರಿಯಾಗಿ ಗುಳ್ಳೆಯ ಬಾಯಿಯ ಮೇಲೆ, ತಂತಿಗಳು ಅಗಲಿ ಕಣ್ಣು ಬಿಟ್ಟುಕೊಂಡಿದ್ದವು. ಕಾರ್ಖಾನೆಯಲ್ಲಿ ಇಂಥದ್ದು ಕೈಗೆ ಬಂದಿದ್ದರೆ ರಿಜೆಕ್ಟ್ ಡಬ್ಬಿಗೆ ಎಸೆಯುತ್ತಿದ್ದಳು.

ಪೈಪಿನ ಮೇಲೆ ನನ್ನದು ಸರಿಯಲಿಲ್ಲವಲ್ಲ ಸಾಹೇಬರೇ ಎಂದು ಹಿಂದಿಯಲ್ಲಿ ಅತ್ತಳು. ಡಾಕ್ಟರು ಅರ್ಥವಾಗದೆ ಕೇಳಿದರು, ಅವಳು ಎಲ್ಲ ಹೇಳಿದಳು. ಅವರು ಫಿಲ್ಮು ಕೆಳಗಿಟ್ಟು ಅವಳ ಕಡೆ ತಿರುಗಿದರು.

"ನಿಮ್ಮ ಪೈಪು ಮಿಡಿಯುತ್ತಿತ್ತೇನಮ್ಮ?" ಎಂದರು. "ನಾಳ ಮೆತ್ತಗಿರುತ್ತದೆ. ದಿನಕ್ಕೆ ಲಕ್ಷ ಸಲ ಬಡಿಯುತ್ತದೆ."

ಮೂರನೇ ದಿನ ವಿಠಲ ತೀರಿಕೊಂಡ.

ಗಂಡನ ದಿನಕರ್ಮ ಮುಗಿಸಿ ಜ್ಯೋತಿ ಕೆಲಸಕ್ಕೆ ಮರಳಿದಾಗ ಸೂಪರ್‌ವೈಸರ್ ಜಯಶೀಲ ಹೊಸದಾಗಿ ಸೇರಿದ ಹುಡುಗಿಯರಿಗೆ ಕೆಲಸ ಹೇಳಿಕೊಡುತ್ತಿದ್ದ. ಉಡುಪಿ ಕಡೆಯ ಸಾಧು ಮನುಷ್ಯ, ಪೈಪಿನ ಕಥೆ ಏನೂ ಅರಿಯದವ. ಅವನ ಕೈಯಲ್ಲಿ ಕಿಟಕಿಯ ಆ ಪೈಪಿತ್ತು.

"ನೋಡಿ, ಇದು ಜ್ಯೋತಿಯಕ್ಕ ಹಾಕಿದ್ದು. ಒಂಬತ್ತು ತಿಂಗಳಾಯ್ತು, ಗೆರೆ ಬಿಟ್ಟು ಚೂರೂ ಆಚೀಚೆ ಆಗ್ಲಿಲ್ಲ. ಕೆಲಸ ಅಂದ್ರೆ ಹೀಗಿರ್ಬೇಕು."

ಜ್ಯೋತಿ ಅದನ್ನು ಇಸಿದುಕೊಂಡು ಬೆಳಕಿಗೆ ಹಿಡಿದಳು. ಜಾಳಿಯ ತುದಿ ನೀಲಿ ಗೆರೆಗೆ ತಾಗಿಕೊಂಡೇ ಕೂತಿತ್ತು. ಒಂದು ಕೂದಲೆಳೆಯಷ್ಟು ಸರಿದಿದ್ದರೂ ಸಾಕಿತ್ತು, ಅವತ್ತೇ ವಿಠಲನನ್ನು ಕರೆದುಕೊಂಡು ಆಸ್ಪತ್ರೆಗೆ ಓಡುತ್ತಿದ್ದಳು.